ವಾಚ್ ಕೈಯಲ್ಲೇ ಇದೆ, ಮ್ಯಾಕ್ ಯಾಕೆ ತೆರೆಯುತ್ತಿಲ್ಲ?

ಪ್ರಶ್ನೆ: ಸರ್, ನನ್ನ ಹತ್ತಿರ ಮ್ಯಾಕ್‌ಬುಕ್ ಏರ್ ಮತ್ತು ಆಪಲ್ ವಾಚ್ ಇವೆ. ಒಂದು ವರ್ಷದಿಂದ ಮುಚ್ಚಳ ಎತ್ತಿದರೆ ಸಾಕು, ಪಾಸ್‌ವರ್ಡ್ ಹೊಡೆಯದೇ ತೆರೆದುಕೊಳ್ಳುತ್ತಿತ್ತು. ಎರಡು ವಾರದಿಂದ ನಿಂತುಹೋಗಿದೆ. ವಾಚ್‌ನಿಂದ ಅನ್‌ಲಾಕ್ ಆಗುತ್ತಿದೆ ಅನ್ನುವ ಸಾಲು ಪರದೆಯಲ್ಲಿ ಬರುತ್ತದೆ, ಸ್ವಲ್ಪ ಹೊತ್ತು ಕಾಯಿಸುತ್ತದೆ, ಕೊನೆಗೆ ಪಾಸ್‌ವರ್ಡೇ ಕೇಳುತ್ತದೆ. ಎರಡನ್ನೂ ನಾಲ್ಕೈದು ಸಲ ರೀಸ್ಟಾರ್ಟ್ ಮಾಡಿದೆ. ವಾಚ್ ಅನ್‌ಪೇರ್ ಮಾಡಿ (ಫೋನ್‌ನ ಜೋಡಣೆಯಿಂದ ಬಿಡಿಸಿ) ಹೊಸದಾಗಿ ಸೇರಿಸು ಅಂತ ಗೆಳೆಯರು ಹೇಳುತ್ತಿದ್ದಾರೆ. ಮಾಡಲಾ?

ಉತ್ತರ: ಬೇಡ, ಅದಕ್ಕೆ ಈಗಲೇ ಕೈ ಹಾಕಬೇಡಿ. ನನ್ನ ಬಳಿ ರಿಪೇರಿಗೆ ಬರುವವರಲ್ಲಿ ಎಷ್ಟೋ ಜನ ಮೊದಲು ಅನ್‌ಪೇರ್ ಮಾಡಿ, ಅರ್ಧ ದಿನ ಕಳೆದು, ಆಮೇಲೆ ಕೇಳುತ್ತಾರೆ. ಅದು ಕೊನೆಯ ಮದ್ದು.

ಆ ಸಾಲು ಬರುತ್ತಿದೆ ಅಂದಿರಲ್ಲ, ಅದೇ ದೊಡ್ಡ ಸುಳಿವು. ಅಂದರೆ ನಿಮ್ಮ ಮ್ಯಾಕ್‌ಗೆ ವಾಚ್‌ನ ಗುರುತು ಇದೆ, ನಂಬಿಕೆಯೂ ಇದೆ. ಅದರ ಮುಂದಿನ ಹಂತದಲ್ಲಿ ಎಡವುತ್ತಿದೆ. ಆ ಹಂತ ಯಾವುದು ಅಂತ ಹೇಳುತ್ತೇನೆ. ವಾಚ್ ಸುತ್ತಮುತ್ತ ಇದೆಯಾ ಅಂತ ಮ್ಯಾಕ್ ಮೊದಲು ಬ್ಲೂಟೂತ್‌ನಲ್ಲಿ ಹುಡುಕುತ್ತದೆ. ಸಿಕ್ಕ ಮೇಲೆ ಎರಡೂ ರೌಟರ್‌ನ ಹಂಗಿಲ್ಲದೆ ನೇರವಾಗಿ ವೈಫೈಯಲ್ಲಿ ಮಾತಾಡಿ ದೂರ ಅಳೆಯುತ್ತವೆ. ಅಲೆ ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದೇ ಲೆಕ್ಕ. ಒಂದು ಮೀಟರ್ ದಾಟಲು ರೇಡಿಯೋ ಅಲೆಗೆ ಸುಮಾರು 3.3 ನ್ಯಾನೊಸೆಕೆಂಡ್ ಸಾಕು. ಬರೀ ಸಿಗ್ನಲ್‌ನ ಬಲ ನೋಡಿದ್ದರೆ, ಕಳ್ಳನೊಬ್ಬ ದೂರದ ವಾಚ್‌ನ ಸಿಗ್ನಲ್ ಹಿಡಿದು ಜೋರು ಮಾಡಿ ಮ್ಯಾಕ್‌ಗೆ ಮೋಸ ಮಾಡಬಹುದಿತ್ತು. ಬಲವನ್ನು ಹೆಚ್ಚಿಸಬಹುದು, ಆದರೆ ಹಿಡಿದ ಸಮಯವನ್ನು ಕಡಿಮೆ ಮಾಡಲು ಆಗುವುದಿಲ್ಲ. ಈ ಏರ್ಪಾಡು ನನಗೆ ತುಂಬಾ ಇಷ್ಟ.

ಹಾಗಾಗಿ ಮ್ಯಾಕ್‌ನಲ್ಲಿ ಬ್ಲೂಟೂತ್, ವೈಫೈ ಎರಡೂ ಆನ್ ಇರಬೇಕು. ವೈಫೈ ಬೇರೆ ಕೆಲಸದಲ್ಲಿ ಸಿಕ್ಕಿಕೊಂಡಿರಬಾರದು. ಈಗ ಹೇಳಿ, ಎರಡು ವಾರದ ಹಿಂದೆ ಮನೆಯಲ್ಲಿ ಏನು ಬದಲಾಯಿತು?

ಪ್ರಶ್ನೆ ಕೇಳಿದವರು: ಕೆಲಸದ ಮೇಜನ್ನು ಮಹಡಿ ಕೋಣೆಗೆ ಸಾಗಿಸಿದೆ. ಅಲ್ಲಿಗೆ ವೈಫೈ ಸರಿಯಾಗಿ ಬರುವುದಿಲ್ಲ. ಕೆಳಗಿನಿಂದ ಲ್ಯಾನ್ ವೈರ್ ಎಳೆದು ಮ್ಯಾಕ್‌ಗೆ ಹಾಕಿದ್ದೇನೆ. ಅದರಿಂದಲೇ ನನ್ನ ಫೋನ್‌ಗೂ ಮನೆಯವರ ಫೋನ್‌ಗೂ ಇಂಟರ್ನೆಟ್ ಕೊಡುತ್ತಿದ್ದೇನೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಅದೇ ಕಾರಣ! ಲ್ಯಾನ್‌ನಿಂದ ಬಂದ ಇಂಟರ್ನೆಟ್ಟನ್ನು ಫೋನ್‌ಗಳಿಗೆ ಹಂಚುವಾಗ ಮ್ಯಾಕ್‌ನ ವೈಫೈ ಸ್ವತಃ ರೌಟರ್ ಆಗಿ ಕೂತಿರುತ್ತದೆ. ಆಗ ವಾಚ್ ಜೊತೆ ಮಾತಿಗೆ ಅದು ಸಿಗುವುದಿಲ್ಲ. ಇಂಟರ್ನೆಟ್ ಶೇರಿಂಗ್ ಆನ್ ಇದ್ದರೆ ವಾಚ್ ಅನ್‌ಲಾಕ್ ನಡೆಯುವುದಿಲ್ಲ. ಸ್ಕ್ರೀನ್ ಶೇರಿಂಗ್ ಇದ್ದರೂ ಅಷ್ಟೇ.

ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಶೇರಿಂಗ್ ತೆರೆದು ಇಂಟರ್ನೆಟ್ ಶೇರಿಂಗ್ ಆಫ್ ಮಾಡಿ. ಲ್ಯಾನ್ ಇದೆಯಲ್ಲ ಅಂತ ವೈಫೈಯನ್ನೂ ಆಫ್ ಮಾಡಿಬಿಡಬೇಡಿ, ಅದು ಆನ್ ಇರಲಿ. ಫೋನ್‌ಗಳಿಗೆ ಬೇಕಾದರೆ ಅದೇ ವೈರ್‌ಗೆ ಮಹಡಿಯಲ್ಲೊಂದು ಸಣ್ಣ ಆಕ್ಸೆಸ್ ಪಾಯಿಂಟ್ (ವೈರ್‌ನ ಇಂಟರ್ನೆಟ್ಟನ್ನು ವೈಫೈ ಮಾಡಿ ಕೊಡುವ ಪೆಟ್ಟಿಗೆ) ಹಾಕಿಸಿ.

ಪ್ರಶ್ನೆ ಕೇಳಿದವರು: ಆಫ್ ಮಾಡಿ ಮುಚ್ಚಳ ಮುಚ್ಚಿ ತೆರೆದೆ. ಮಣಿಕಟ್ಟಿಗೆ ಟಕ್ ಅಂತ ತಟ್ಟಿತು, ಮ್ಯಾಕ್ ತೆರೆಯಿತು! ಎರಡು ವಾರ ಸುಮ್ನೆ ಒದ್ದಾಡಿದೆ. ತುಂಬಾ ಥ್ಯಾಂಕ್ಸ್ ಸರ್.

ಇನ್ನೊಬ್ಬರು: ನನ್ನ ತೊಂದರೆ ಬೇರೆ. ಸೆಟ್ಟಿಂಗ್ಸ್‌ನಲ್ಲಿ ವಾಚ್ ಹೆಸರಿನ ಮುಂದಿನ ಸ್ವಿಚ್ ಆನ್ ಮಾಡಿದರೆ, ವಾಚ್ ಜೊತೆ ಸಂಪರ್ಕ ಸಾಧ್ಯವಾಗಲಿಲ್ಲ ಅಂತ ಹೇಳಿ ಮತ್ತೆ ಆಫ್ ಆಗುತ್ತದೆ. ಶೇರಿಂಗ್ ಯಾವುದೂ ಇಲ್ಲ.

ಉತ್ತರ: ನಿಮ್ಮದರಲ್ಲಿ ನಂಬಿಕೆಯ ಕೊಂಡಿಯೇ ಕೂಡಿಕೊಳ್ಳುತ್ತಿಲ್ಲ. ಮೊದಲು ಸುಲಭದ್ದು ನೋಡಿ. ಎರಡರಲ್ಲೂ ಒಂದೇ ಆಪಲ್ ಅಕೌಂಟ್ ಇರಬೇಕು, ಅದಕ್ಕೆ ಟೂ ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆ ಕೋಡ್ ಕೂಡ ಕೇಳುವ ವ್ಯವಸ್ಥೆ) ಆನ್ ಇರಬೇಕು. ವಾಚ್‌ಗೆ ಪಾಸ್‌ಕೋಡ್ ಇರಬೇಕು, ರಿಸ್ಟ್ ಡಿಟೆಕ್ಷನ್ (ವಾಚ್ ಕೈಯಲ್ಲಿದೆಯಾ ಅಂತ ತಿಳಿಯುವ ಸೆಟ್ಟಿಂಗ್) ಆನ್ ಇರಬೇಕು. ವಾಚ್ ಕೈಯಲ್ಲಿದ್ದೂ ಪದೇ ಪದೇ ಪಾಸ್‌ಕೋಡ್ ಕೇಳುತ್ತಿದ್ದರೆ ಪಟ್ಟಿ ಸಡಿಲ ಇರಬಹುದು. ಒಂದು ತೂತು ಬಿಗಿ ಮಾಡಿ. ಮಣಿಕಟ್ಟಿನ ಮೇಲೆ ದಟ್ಟ ಹಚ್ಚೆ ಇದ್ದರೂ ಸೆನ್ಸರ್‌ಗೆ ಚರ್ಮ ಸರಿಯಾಗಿ ತಿಳಿಯದಿರಬಹುದು. ಆಗ ಇನ್ನೊಂದು ಕೈಗೆ ಕಟ್ಟಿ ನೋಡಿ.

ಇದೆಲ್ಲ ಸರಿ ಇದ್ದರೆ, ವಾಚ್‌ನ ಗುರುತಿಗಾಗಿ ಮ್ಯಾಕ್ ಉಳಿಸಿಟ್ಟ ಹಳೆಯ ಕೀಲಿಗಳನ್ನು ತೆಗೆಯಬೇಕು. ಮುಂಚೆ ಮ್ಯಾಕ್‌ನ ಬ್ಯಾಕಪ್ ಸೌಲಭ್ಯವಾದ ಟೈಮ್ ಮಷೀನ್‌ನಲ್ಲಿ ಬ್ಯಾಕಪ್ ಮಾಡಿಕೊಳ್ಳಿ, ಇದನ್ನು ಬಿಡಬೇಡಿ. ಪಾಸ್‌ವರ್ಡ್, ಕೀಲಿಗಳನ್ನು ಇಡುವ ಕೀಚೈನ್ ಆಕ್ಸೆಸ್ ಆಪ್ ತೆರೆದು, ವ್ಯೂ ಮೆನುವಿನಲ್ಲಿ ಶೋ ಇನ್‌ವಿಸಿಬಲ್ ಐಟಮ್ಸ್ ಆರಿಸಿ. ಹುಡುಕುವ ಕಡೆ ಆಟೋ ಅನ್‌ಲಾಕ್ ಅನ್ನುವ ಎರಡು ಪದಗಳನ್ನು ಇಂಗ್ಲಿಷ್‌ನಲ್ಲಿ ಬರೆದು, ಬಂದವನ್ನು ಅಳಿಸಿ. ಆಮೇಲೆ ಅದನ್ನೇ ನಡುವೆ ಜಾಗ ಬಿಡದೆ ಒಂದೇ ಪದವಾಗಿ ಬರೆದು ಹುಡುಕಿ, ಬಂದವನ್ನು ಅಳಿಸಿ. ಹೆಸರು ಎರಡೆರಡು ಸಲ ಓದಿ. ಬೇರೆ ಏನನ್ನೂ ಮುಟ್ಟಬೇಡಿ, ನಿಮ್ಮ ಪಾಸ್‌ವರ್ಡ್‌ಗಳೆಲ್ಲ ಅಲ್ಲೇ ಇರುತ್ತವೆ. ನಂತರ ನಿಮ್ಮ ಹೋಮ್ ಫೋಲ್ಡರ್‌ನ ಲೈಬ್ರರಿಯಲ್ಲಿ ಶೇರಿಂಗ್, ಅದರೊಳಗೆ ಆಟೋಅನ್‌ಲಾಕ್ ಫೋಲ್ಡರ್‌ಗೆ ಹೋಗಿ. ಅಲ್ಲಿ ಎಲ್‌ಟಿಕೆ (ltk.plist) ಮತ್ತು ಪೇರಿಂಗ್ ರೆಕಾರ್ಡ್ಸ್ (pairing-records.plist) ಅನ್ನುವ ಎರಡು ಫೈಲ್‌ಗಳಿದ್ದರೆ ತೆಗೆದು, ರೀಸ್ಟಾರ್ಟ್ ಮಾಡಿ ಸ್ವಿಚ್ ಆನ್ ಮಾಡಿ. ಮೊದಲ ಸಲ ಆಗದಿದ್ದರೆ ಇನ್ನೊಮ್ಮೆ ಆನ್ ಮಾಡಿ, ಎರಡನೇ ಸಲಕ್ಕೆ ಕೂತದ್ದನ್ನು ನಾನೇ ನೋಡಿದ್ದೇನೆ. ಇಷ್ಟಾದರೂ ಆಗದಿದ್ದರೆ ಮಾತ್ರ ಅನ್‌ಪೇರ್.

ಮೂರನೆಯವರು: ಬೆಂಗಳೂರಿನಲ್ಲಿ ಐಟಿ ಕೆಲಸ. ಕಂಪನಿ ಕೊಟ್ಟ ಮ್ಯಾಕ್‌ನಲ್ಲಿ ವಾಚ್‌ನ ಆಯ್ಕೆಯೇ ಕಾಣುವುದಿಲ್ಲ. ಮ್ಯಾಕ್ ಹಳೆಯದು ಅಂತಲೋ?

ಉತ್ತರ: ಈ ಸೌಲಭ್ಯ ಬಂದದ್ದು 2016ರಲ್ಲಿ, ಮ್ಯಾಕ್‌ನ ಸಾಫ್ಟ್‌ವೇರ್‌ನ ಸಿಯೆರಾ ಆವೃತ್ತಿಯ ಜೊತೆಗೆ. 2013ರ ಮಧ್ಯದಿಂದ ಈಚಿನ ಮ್ಯಾಕ್ ಆದರೆ ಸಾಕು. ಖಚಿತ ಮಾಡಿಕೊಳ್ಳಲು ಆಪ್ಷನ್ ಕೀ ಒತ್ತಿಕೊಂಡು ಆಪಲ್ ಮೆನು ತೆರೆಯಿರಿ. ಸಿಸ್ಟಮ್ ಇನ್ಫರ್ಮೇಷನ್‌ಗೆ ಹೋಗಿ, ವೈಫೈ ಭಾಗದಲ್ಲಿ ಆಟೋ ಅನ್‌ಲಾಕ್ ಸಾಲನ್ನು ನೋಡಿ. ಸಪೋರ್ಟೆಡ್ ಅಂತಿದ್ದರೆ ಯಂತ್ರದ ತಪ್ಪಿಲ್ಲ. ಕಂಪನಿಗಳು ತಮ್ಮ ನಿರ್ವಹಣಾ ಪ್ರೊಫೈಲ್‌ನಿಂದ (ಕಂಪನಿಯ ನಿಯಮಗಳನ್ನು ಮ್ಯಾಕ್‌ಗೆ ಹಾಕುವ ಫೈಲ್) ಇದನ್ನು ಮುಚ್ಚಿಡಬಹುದು. ಐಟಿ ವಿಭಾಗವನ್ನೇ ಕೇಳಿ. ಪ್ರೊಫೈಲ್ ತೆಗೆಯುವ ಸಾಹಸ ದಯವಿಟ್ಟು ಬೇಡ.

ನಾಲ್ಕನೆಯವರು: ಬೆಳಿಗ್ಗೆ ಆನ್ ಮಾಡಿದಾಗ ಮಾತ್ರ ಪಾಸ್‌ವರ್ಡ್ ಕೇಳುತ್ತದೆ, ಆಮೇಲೆ ದಿನವಿಡೀ ಸರಿ.

ಉತ್ತರ: ಅದು ಇರಬೇಕಾದ್ದೇ ಹಾಗೆ. ಆನ್ ಮಾಡಿದಾಗ, ರೀಸ್ಟಾರ್ಟ್ ಅಥವಾ ಲಾಗ್ ಔಟ್ ಆದಾಗ ಮೊದಲ ಸಲ ಕೈಯಿಂದಲೇ ಹೊಡೆಯಬೇಕು. ರಾತ್ರಿ ಶಟ್ ಡೌನ್ ಬದಲು ಮುಚ್ಚಳ ಮುಚ್ಚಿಟ್ಟರೆ ಬೆಳಿಗ್ಗೆ ವಾಚ್ ಸಾಕು.

ಐದನೆಯವರು: ವಿಂಡೋಸ್‌ನಲ್ಲಿ ಹೀಗೆ ಆಗುತ್ತದಾ?

ಉತ್ತರ: ವಿಂಡೋಸ್‌ನಲ್ಲಿ ಡೈನಾಮಿಕ್ ಲಾಕ್ ಇದೆ, 2017ರಿಂದ. ಬ್ಲೂಟೂತ್‌ನಲ್ಲಿ ಜೋಡಿಸಿದ ಫೋನ್ ದೂರ ಹೋದರೆ ಕಂಪ್ಯೂಟರ್ ಲಾಕ್ ಆಗುತ್ತದೆ. ಹತ್ತಿರ ಬಂದರೆ ತೆರೆಯುವುದಿಲ್ಲ. ತೆರೆಯಲು ಬೆರಳು, ಮುಖ ಅಥವಾ ಪಿನ್ ಬೇಕು.

ಆರನೆಯವರು: ಹೆದರಿಕೆಯಿಂದ ಕೇಳುತ್ತಿದ್ದೇನೆ. ರಾತ್ರಿ ವಾಚ್ ಕಟ್ಟಿಕೊಂಡೇ ಮಲಗುತ್ತೇನೆ. ಪಕ್ಕದಲ್ಲಿರುವ ಮ್ಯಾಕನ್ನು ಮಗ ತೆಗೆದರೆ ತೆರೆದುಬಿಡುತ್ತದಾ?

ಉತ್ತರ: ತೆರೆಯಬಹುದು. ವಾಚ್ ಕೈಯಲ್ಲಿದ್ದು ಲಾಕ್ ಆಗದೇ ಇದ್ದರೆ, ನೀವು ಎಚ್ಚರ ಇದ್ದೀರಾ ಅಂತ ಮ್ಯಾಕ್‌ಗೆ ಗೊತ್ತಾಗುವುದಿಲ್ಲ. ಕೈಗೆ ತಟ್ಟುವುದು ನಿದ್ದೆಯಲ್ಲಿ ತಿಳಿಯದೇ ಹೋಗಬಹುದು, ಅಲ್ವಾ? ಆಪ್ ಹಾಕುವುದು, ಸೆಟ್ಟಿಂಗ್ ಬದಲಿಸುವುದಕ್ಕೆ ಒಪ್ಪಿಗೆ ಕೊಡಲು ವಾಚ್‌ನ ಪಕ್ಕದ ಬಟನ್ ಎರಡು ಸಲ ಒತ್ತಬೇಕು, ಅಷ್ಟು ರಕ್ಷಣೆ ಇದೆ. ಆದರೆ ನಿಮ್ಮ ಮೇಲ್, ಫೋಟೋ ಎಲ್ಲ ಕಣ್ಣ ಮುಂದೆಯೇ ಇರುತ್ತವೆ. ರಾತ್ರಿ ಮ್ಯಾಕನ್ನು ಬೇರೆ ಕೋಣೆಯಲ್ಲಿಡಿ. ಹಾಸ್ಟೆಲ್‌ನಲ್ಲೋ ಪಿಜಿಯಲ್ಲೋ ಇರುವವರು ಮಲಗುವ ಮುಂಚೆ ಮ್ಯಾಕನ್ನು ಶಟ್ ಡೌನ್ ಮಾಡಿಬಿಡಿ.