ಅಪ್‌ಡೇಟ್: ಅಪ್ಪನ ಆಕ್ಸಿಡೆಂಟ್ ಕ್ಲೇಮು, ಸಹಿ ಹಾಕಲಿಲ್ಲ

ಸುಂಟಿಕೊಪ್ಪದ ಹತ್ತಿರ ಪಿಕಪ್ ಗುದ್ದಿ ಅಪ್ಪನ ಕಾಲು ಮುರಿದಿತ್ತು. ಇನ್ಶೂರೆನ್ಸ್‌ನವರು 60,000 ಕೊಡ್ತೀವಿ, ರಾಜಿಗೆ ಸಹಿ ಹಾಕಿ ಅಂತಿದ್ದಾರೆ, ಹಾಕಬಹುದಾ ಅಂತ ಕೇಳಿದ್ದೆ. ಹಾಕಲಿಲ್ಲ. ಬೇಡ ಅಂದವರಿಗೆಲ್ಲ ಕೈ ಮುಗೀತೀನಿ.

ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅಡಿ ಮಡಿಕೇರಿಯ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕ್ಲೇಮು ಹಾಕಿದ್ವಿ. 2019ರ ತಿದ್ದುಪಡಿ ಪ್ರಕಾರ ಅಪಘಾತವಾಗಿ 6 ತಿಂಗಳೊಳಗೆ ಹಾಕಬೇಕು, ನಮಗೆ 19 ದಿನ ಉಳಿದಿತ್ತು. ತಪ್ಪು ಯಾರದ್ದೆಂದು ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ ಅದೇ ಕಾಯ್ದೆಯ 164ನೇ ಸೆಕ್ಷನ್‌ನಲ್ಲಿ 2.5 ಲಕ್ಷ ಇದೆ ಅಂತ ವಕೀಲರು ಹೇಳಿದಾಗ ಹೊಟ್ಟೆ ಉರೀತು.

ಮೆಡಿಕಲ್ ಬಿಲ್‌ಗಳ ಅಕ್ಷರ ಆಗಲೇ ಮಾಸಿತ್ತು, ಓದೋಕೆ ಬರುವವನ್ನೆಲ್ಲ ಜೆರಾಕ್ಸ್ ಮಾಡಿಸಿದೆ. ಅಪ್ಪ ಕೆಲಸ ಮಾಡೋ ತೋಟದ ರೈಟರ್ (ಲೆಕ್ಕ ಬರೆಯೋರು) ಹಾಜರಿ ಪುಸ್ತಕದ ಪ್ರತಿ ಕೊಟ್ಟರು. ಏಣಿ ಹತ್ತಿ ಮೆಣಸು ಕೊಯ್ಯೋ ಮನುಷ್ಯನಿಗೆ ಕಾಲು ಹೋದರೆ ದುಡಿಮೆಯೇ ಹೋಯ್ತು ಅಂತ ತೋರಿಸೋಕೆ ಅದೇ ಆಧಾರ. ಮುಂದಿನ ವಿಚಾರಣೆಗೆ ಡಾಕ್ಟರ ಸಾಕ್ಷಿ ಇದೆ.