ಇಪ್ಪತ್ತು ಸಾವಿರದೊಳಗೆ ಮನೆಗೆ ಪ್ರೊಜೆಕ್ಟರ್: ಏನನ್ನು ನೋಡಿ ಆರಿಸಬೇಕು?

ಜಗಲಿಕಟ್ಟೆ:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆಯ ಐದು ಜನರ ಮನೆ. ಶನಿವಾರ ರಾತ್ರಿ ಊಟವಾದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತು ಸಿನಿಮಾ ನೋಡಲು ಒಂದು ಪ್ರೊಜೆಕ್ಟರ್ ಕೊಳ್ಳಬೇಕೆಂದಿದ್ದೇವೆ. ಹಗಲಿನ ವಾರ್ತೆ, ಧಾರಾವಾಹಿಗಳಿಗೆ ಈಗಿರುವ 32 ಇಂಚಿನ ಟಿವಿಯೇ ಸಾಕು. ಜಗಲಿ 11 ಅಡಿ ಅಗಲ, 14 ಅಡಿ ಉದ್ದವಿದ್ದು, ಗೋಡೆಗೆ ಕೆನೆಬಣ್ಣ ಹೊಡೆಸಿದೆ. ಖರ್ಚು 20,000 ರೂಪಾಯಿ ಮೀರಬಾರದು. ಆನ್‌ಲೈನ್ ಅಂಗಡಿಗಳಲ್ಲಿ ಹತ್ತು ಸಾವಿರಕ್ಕೇ ‘12,000 ಲ್ಯೂಮೆನ್, 4ಕೆ ಸಪೋರ್ಟ್, 300 ಇಂಚಿನ ಪರದೆ’ ಎಂದು ಬರೆದಿರುತ್ತಾರೆ; ಅದಕ್ಕಿಂತ ದುಬಾರಿಯಾದ ಇನ್ನೊಂದರಲ್ಲಿ ಬರೀ 300 ಲ್ಯೂಮೆನ್ ಎಂದಿರುತ್ತದೆ. ಇವುಗಳಲ್ಲಿ ಯಾವುದನ್ನು ನಂಬಬೇಕೆಂದು ತಿಳಿದವರು ದಯವಿಟ್ಟು ಹೇಳಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದೂ ನಮ್ಮಲ್ಲಿ ಹೆಚ್ಚು.

ಬಿಳಿಗೋಡೆ:
ನೀವು ಹೇಳಿದ ಎರಡರಲ್ಲಿ ನಂಬಲು ಯೋಗ್ಯವಾದದ್ದು 300 ಎಂದು ಬರೆದಿರುವುದೇ ಇರಬೇಕು, ಆದರೆ ಅದರ ಹಿಂದೆ ‘ಆನ್ಸಿ’ ಎಂಬ ಪದ ಇದೆಯೇ ಎಂದು ನೋಡಿಕೊಳ್ಳಿ. ಆನ್ಸಿ ಲ್ಯೂಮೆನ್ ಎಂದರೆ ಪರದೆಯ ಮೇಲೆ ಒಂಬತ್ತು ಕಡೆ ಬೆಳಕನ್ನು ಅಳೆದು, ಸರಾಸರಿ ತೆಗೆದು ಲೆಕ್ಕ ಹಾಕಿದ ಅಂಕಿ. ಬರೀ ‘ಲ್ಯೂಮೆನ್’ ಎಂದು ಹಾಕುವ ಸಾವಿರಗಟ್ಟಲೆಯ ಅಂಕಿಗಳಿಗೆ ಇಂಥ ಯಾವ ಕಟ್ಟುಪಾಡೂ ಇಲ್ಲ.

ಈ 300 ನಿಮಗೆ ಸಾಕೇ ಎಂಬುದು ಚಿತ್ರವನ್ನು ಎಷ್ಟು ದೊಡ್ಡದು ಮಾಡುತ್ತೀರಿ ಎಂಬುದರ ಮೇಲೆ ನಿಂತಿದೆ. ಪರದೆ ಎಷ್ಟು ಬೆಳಗುತ್ತದೆ ಎಂಬುದರ ಅಳತೆ ‘ನಿಟ್’; ಚಿತ್ರಮಂದಿರದ ಪರದೆಗೆ ಗೊತ್ತುಪಡಿಸಿರುವ ಪ್ರಕಾಶ ಸುಮಾರು 48 ನಿಟ್. ಮೂಲೆಯಿಂದ ಮೂಲೆಗೆ 100 ಇಂಚಿನ ಚಿತ್ರ 221 ಸೆಂಟಿಮೀಟರ್ ಅಗಲ, 125 ಸೆಂಟಿಮೀಟರ್ ಎತ್ತರವಿರುತ್ತದೆ. ಅಷ್ಟು ಜಾಗಕ್ಕೆ 300 ಆನ್ಸಿ ಲ್ಯೂಮೆನ್ ಹರಡಿದರೆ ಸಾಧಾರಣ ಬಿಳಿ ಪರದೆಯ ಮೇಲೆ 35 ನಿಟ್ ಮಾತ್ರ ಸಿಗುತ್ತದೆ. ಅದೇ ಯಂತ್ರವನ್ನು ಮುಂದಕ್ಕೆ ತಂದು 80 ಇಂಚಿಗೆ ಇಳಿಸಿದರೆ 54 ನಿಟ್ ಆಗುತ್ತದೆ. ಐದು ಜನರಿಗೆ, ನಿಮ್ಮ ಅಳತೆಯ ಜಗಲಿಗೆ, 80 ಇಂಚು ಧಾರಾಳವಾಯಿತು. ಈ ಲೆಕ್ಕವೆಲ್ಲ ಪೂರ್ತಿ ಕತ್ತಲೆ ಇದ್ದಾಗಿನದು. ಪಕ್ಕದಲ್ಲೊಂದು ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ಚಿತ್ರದ ಕಪ್ಪು ಭಾಗ ಬೂದಿಬಣ್ಣಕ್ಕೆ ತಿರುಗುತ್ತದೆ.

ಎರಡನೆಯದು ರೆಸಲ್ಯೂಷನ್. ‘4ಕೆ ಸಪೋರ್ಟ್’ ಎಂದರೆ 4ಕೆ ವಿಡಿಯೊವನ್ನು ಒಳಗೆ ತೆಗೆದುಕೊಳ್ಳುತ್ತದೆ ಎಂದಷ್ಟೇ ಅರ್ಥ, ಗೋಡೆಯ ಮೇಲೆ ಬೀಳುವುದು ಒಳಗಿನ ಫಲಕದಲ್ಲಿ ಎಷ್ಟು ಬಿಂದುಗಳಿವೆಯೋ ಅಷ್ಟೇ. ‘ನೇಟಿವ್’ ಎಂಬ ಪದದ ಮುಂದೆ 1920×1080 ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಫುಲ್ ಎಚ್‌ಡಿ ಎಂದು ಒಪ್ಪಿಕೊಳ್ಳಿ. ಹಿರಿಯರಿಗೆಂದು ಯೂಟ್ಯೂಬಿನಲ್ಲಿ ಹಳೆಯ ಕನ್ನಡ ಚಿತ್ರಗಳನ್ನು ಹಾಕುವಿರಾದರೆ ಒಂದು ಮಾತು: ಅವುಗಳಲ್ಲಿ ಎಷ್ಟೋ ಪ್ರತಿಗಳು 480ರ ಗುಣಮಟ್ಟದಲ್ಲೇ ಇವೆ, ಅಲ್ಲಿ ಚಿತ್ರ ಮಸುಕಾಗಿ ಕಂಡರೆ ಪ್ರೊಜೆಕ್ಟರನ್ನು ಬಯ್ಯಬೇಡಿ.

ದೂರದ ಲೆಕ್ಕಕ್ಕೆ ‘ಥ್ರೋ ರೇಷಿಯೋ’ ನೋಡಿ. ಅದು 1.3 ಎಂದಿದ್ದರೆ, ಚಿತ್ರದ ಅಗಲದ 1.3 ಪಟ್ಟು ದೂರ ಬೇಕು. 80 ಇಂಚಿನ ಚಿತ್ರದ ಅಗಲ 177 ಸೆಂಟಿಮೀಟರ್ ಆದ್ದರಿಂದ 2.3 ಮೀಟರ್, ಅಂದರೆ ಏಳೂವರೆ ಅಡಿ. ನಿಮ್ಮಲ್ಲಿ ಜಾಗಕ್ಕೆ ಕೊರತೆಯಿಲ್ಲ.

ಬಯಲುಸೀಮೆ:
ನನ್ನದು ಸ್ವಲ್ಪ ಅಪಸ್ವರ. ಇದೇ ಹಣಕ್ಕೆ 43 ಇಂಚಿನ ಟಿವಿ ಬರುತ್ತದೆ. ದೀಪ ಆರಿಸುವ, ಕಿಟಕಿಯ ಪರದೆ ಎಳೆಯುವ ತಾಪತ್ರಯವಿಲ್ಲ, ಕಪ್ಪು ಕಪ್ಪಾಗಿಯೇ ಕಾಣುತ್ತದೆ. ಕೊಂಡ ಹೊಸತರಲ್ಲಿ ದಿನವೂ ಹಚ್ಚಿ, ಆಮೇಲೆ ಅಟ್ಟಕ್ಕೆ ಸೇರಿಸಿದ ಪ್ರೊಜೆಕ್ಟರುಗಳನ್ನು ಬೇಕಾದಷ್ಟು ಮನೆಗಳಲ್ಲಿ ನೋಡಿದ್ದೇನೆ. ಯೋಚಿಸಿ.

ಜಗಲಿಕಟ್ಟೆ:
ಬಯಲುಸೀಮೆಯವರೇ, ಹಗಲು ನೋಡುವುದಿದ್ದರೆ ನಿಮ್ಮ ಮಾತೇ ಸರಿ. ನಮ್ಮದು ರಾತ್ರಿಯ ನೋಟ ಮಾತ್ರ, ದೀಪ ಆರಿಸಿದರೆ ಸುತ್ತ ಅಡಿಕೆ ತೋಟದ ಗವ್ವೆನ್ನುವ ಕತ್ತಲೆ. ಆದ್ದರಿಂದ ಪ್ರೊಜೆಕ್ಟರನ್ನೇ ಕೊಳ್ಳುತ್ತೇನೆ. ಹಳೆಯ ಆಫೀಸ್ ಪ್ರೊಜೆಕ್ಟರೊಂದು ಅರ್ಧ ಬೆಲೆಗೆ ಸಿಗುತ್ತಿದೆ, 3000 ಲ್ಯೂಮೆನ್ ಅಂತೆ. ಅದು ಆದೀತೇ? ಧ್ವನಿಗೆ, ಗೋಡೆಯ ಬಣ್ಣಕ್ಕೆ ಏನು ಮಾಡಬೇಕು?

ದೀಪಧಾರಿ:
ಆಫೀಸಿನದನ್ನು ಬಿಡಿ ಎನ್ನುತ್ತೇನೆ. ಬೆಳಕು ನಿಜಕ್ಕೂ ಹೆಚ್ಚಿರುತ್ತದೆ, ಆದರೆ ಆ ಕಾಲದ ಬಹಳಷ್ಟು ಯಂತ್ರಗಳು 1024×768ರ, ಚೌಕಕ್ಕೆ ಹತ್ತಿರದ ಆಕಾರದವು. ಅಗಲದ ಸಿನಿಮಾ ಹಾಕಿದಾಗ ಮೇಲೂ ಕೆಳಗೂ ದಪ್ಪ ಪಟ್ಟಿ ಬಂದು ಚಿತ್ರ ನಡುವೆ ಸಣ್ಣದಾಗುತ್ತದೆ. ಅವುಗಳ ಪಾದರಸದ ಲ್ಯಾಂಪು ಕೆಲವು ಸಾವಿರ ಗಂಟೆ ಬಾಳಿ ಹೋಗುತ್ತದೆ, ಹೊಸದರ ಬೆಲೆ ಹಗುರವಲ್ಲ. ಆರಿಸಿದ ಮೇಲೂ ಫ್ಯಾನು ಸ್ವಲ್ಪ ಹೊತ್ತು ತಿರುಗಿ ಅದನ್ನು ತಣಿಸಬೇಕು, ನಿಮ್ಮೂರಿನ ಕರೆಂಟಿಗೆ ಅದು ಹೇಳಿಸಿದ್ದಲ್ಲ. ಎಲ್‌ಇಡಿ ಯಂತ್ರಕ್ಕೆ ಈ ಕಾಟ ಕಡಿಮೆ, ಮನೆಯ ಇನ್ವರ್ಟರ್ ಮೇಲೂ ಓಡುತ್ತದೆ. ಕೊಳ್ಳುವಾಗ ಬೆಳಕಿನ ದಾರಿ ಪೂರ್ತಿ ಮುಚ್ಚಿದ, ಅಂದರೆ ‘ಸೀಲ್ಡ್ ಆಪ್ಟಿಕಲ್ ಎಂಜಿನ್’ ಇರುವ ಮಾದರಿಯನ್ನೇ ಹುಡುಕಿ. ಇಲ್ಲವಾದರೆ ಫ್ಯಾನು ಎಳೆದುಕೊಂಡ ಧೂಳು ಫಲಕದ ಮೇಲೆ ಕೂತು, ಚಿತ್ರದಲ್ಲಿ ಯಾರ ಮುಖ ಬಂದರೂ ಒಂದೇ ಜಾಗದಲ್ಲಿ ಮಸಿಯ ಚುಕ್ಕೆಯಾಗಿ ಕಾಣುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಟ್ಟದೆ ಇಟ್ಟರೆ ಲೆನ್ಸಿಗೆ ಬೂಷ್ಟು ಹಿಡಿಯುವ ಸಂಭವವಿದೆ, ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿಡಿ.

ಒಳಗಿನ ಸ್ಪೀಕರ್ ಫ್ಯಾನಿನ ಸದ್ದನ್ನು ಮೀರಿಸುವುದೇ ಕಷ್ಟ. ಮನೆಯಲ್ಲಿ ಹಳೆಯ ಸ್ಪೀಕರ್ ಇದ್ದರೆ ತಂತಿಯಲ್ಲೇ ಜೋಡಿಸಿ, ಬ್ಲೂಟೂತಿನಲ್ಲಿ ಕೆಲವೊಮ್ಮೆ ತುಟಿ ಅಲ್ಲಾಡಿದ ಮೇಲೆ ಮಾತು ಬರುತ್ತದೆ. ಕೆನೆಬಣ್ಣದ ಗೋಡೆಯಲ್ಲಿ ಬಿಳಿಯೆಲ್ಲ ತುಸು ಹಳದಿಗೆ ವಾಲುತ್ತದೆ, ಹೊಳಪಿಲ್ಲದ ಮ್ಯಾಟ್ ಬಿಳಿ ಬಣ್ಣವನ್ನು ಅಷ್ಟು ಜಾಗಕ್ಕೆ ಹೊಡೆಸಿದರೆ ಸಾಕು. ಆಂಡ್ರಾಯ್ಡ್ ಇದೆಯೆಂದ ಮಾತ್ರಕ್ಕೆ ನೆಟ್‌ಫ್ಲಿಕ್ಸ್ ಸರಿಯಾಗಿ ನಡೆಯುತ್ತದೆಂದು ಭಾವಿಸಬೇಡಿ. ಪರವಾನಗಿ ಇಲ್ಲದ ಯಂತ್ರಗಳಲ್ಲಿ ಅದು ತೆರೆಯುವುದೇ ಇಲ್ಲ, ಇಲ್ಲವೇ ಕಡಿಮೆ ಗುಣಮಟ್ಟದಲ್ಲಿ ತೋರಿಸುತ್ತದೆ. ಫೈರ್ ಟಿವಿ ಸ್ಟಿಕ್‌ನಂಥದ್ದಕ್ಕೆ ಬೇರೆ ಹಣ ತೆಗೆದಿಡಿ.

ಯಂತ್ರ ಬಂದ ದಿನವೇ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ, ಪುಟ್ಟ ಅಕ್ಷರಗಳ ಒಂದು ಪುಟವನ್ನು ಗೋಡೆಗೆ ಹಾಕಿ ನೋಡಿ. ನಡುವಿನ ಅಕ್ಷರ ಚೊಕ್ಕವಾಗಿದ್ದು ಮೂಲೆಯವು ಕಲಸಿಹೋಗಿದ್ದರೆ, ಮೊದಲು ಯಂತ್ರವನ್ನು ಗೋಡೆಗೆ ನೇರವಾಗಿ ನಿಲ್ಲಿಸಿ, ಓರೆಯಾಗಿ ಬಿದ್ದ ಚಿತ್ರವನ್ನು ನೇರ ಮಾಡುವ ‘ಕೀಸ್ಟೋನ್’ ತಿದ್ದುಪಡಿಯನ್ನು ಸೊನ್ನೆಗೆ ತನ್ನಿ. ಆಗಲೂ ಸರಿಹೋಗದಿದ್ದರೆ ಲೆನ್ಸಿನದೇ ದೋಷ, ಹಿಂದಿರುಗಿಸಿ ಬೇರೆ ತರಿಸಿ.