ಅಪ್‌ಡೇಟ್: ನೈಜೀರಿಯಾದ ಮೊದಲ ವಿದೇಶಾಂಗ ಸಚಿವರು ಯಾರು?

ನೈಜೀರಿಯಾದ ಮೊದಲ ವಿದೇಶಾಂಗ ಸಚಿವರೆಂದು ಕೆಲವೆಡೆ ಅಬೂಬಕರ್ ತಫಾವಾ ಬಲೇವಾ, ಕೆಲವೆಡೆ ಜಾಜಾ ವಚುಕು ಅವರ ಹೆಸರಿರುವುದೇಕೆ ಎಂದು ನಾನು ಕೇಳಿದ್ದೆ. ಉತ್ತರಿಸಿದವರಿಗೆ ಮನಃಪೂರ್ವಕ ಕೃತಜ್ಞತೆಗಳು. ಗೊಂದಲ ಈಗ ಬಗೆಹರಿದಿದೆ. 1960ರ ಅಕ್ಟೋಬರ್ 1ರಂದು ದೇಶ ಸ್ವತಂತ್ರವಾದಾಗ ಪ್ರಧಾನಿ ಬಲೇವಾ ಅವರೇ ಆ ಖಾತೆಯನ್ನು ಇರಿಸಿಕೊಂಡು, 1961ರಲ್ಲಿ ವಚುಕು ಅವರಿಗೆ ವಹಿಸಿದ್ದರಿಂದ, ಪ್ರತ್ಯೇಕ ಸಚಿವರೆಂಬ ಅರ್ಥದಲ್ಲಿ ವಚುಕು ಅವರೇ ಮೊದಲಿಗರೆನ್ನುವುದು ನನಗೆ ಸರಿಯೆನಿಸುತ್ತದೆ.

ವಿದೇಶಾಂಗ ಸಚಿವರ ಪಟ್ಟಿಯನ್ನು ಮುಂದಕ್ಕೆ ಓದುತ್ತಾ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದವರು ಓಕೋಯ್ ಅರಿಕ್ಪೊ. 1967ರಿಂದ 1975ರವರೆಗೆ, ಅಂದರೆ ದೇಶದ ಅಂತರ್ಯುದ್ಧವಾದ ಬಿಯಾಫ್ರಾ ಯುದ್ಧದ ಬಹುಪಾಲು ಕಾಲ ಮತ್ತು ಆನಂತರವೂ, ಸೈನಿಕ ಸರ್ಕಾರವೊಂದರಲ್ಲಿ ಸೈನಿಕರಲ್ಲದ ಅವರು ಜಗತ್ತಿನ ಮುಂದೆ ದೇಶದ ಪರವಾಗಿ ಮಾತನಾಡಬೇಕಾಗಿತ್ತು. ಅವರ ನಂತರ ಬಂದ ಜೋಸೆಫ್ ಗಾರ್ಬಾ 1975ರ ಸೈನಿಕ ಕ್ಷಿಪ್ರಕ್ರಾಂತಿಯನ್ನು ರೇಡಿಯೋದಲ್ಲಿ ಘೋಷಿಸಿದ ಅಧಿಕಾರಿ; ಅವರೇ 1989ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷರಾದರು. ಎಮೆಕಾ ಅನ್ಯಾವೊಕು ಅವರಿಗೆ ಈ ಹುದ್ದೆಯಲ್ಲಿ ದೊರೆತದ್ದು 1983ರ ಕೆಲವೇ ತಿಂಗಳು. ಡಿಸೆಂಬರ್ 31ರ ಕ್ಷಿಪ್ರಕ್ರಾಂತಿಯಿಂದ ಹುದ್ದೆ ಕಳೆದುಕೊಂಡು ಕಾಮನ್‌ವೆಲ್ತ್ ಸಚಿವಾಲಯಕ್ಕೆ ಮರಳಿದ ಅವರು, 1990ರಲ್ಲಿ ಅದರ ಮಹಾಕಾರ್ಯದರ್ಶಿಯಾದರು.